ಇಬ್ಬರು ಅಪ್ರಸ್ತುತ ಪ್ರಸಂಗಿಗಳು

ಒಂದು ಭಾನುವಾರ ಮಧ್ಯಾಹ್ನ ಪಿಯಾನೊ ಸಂಗೀತ ಕೇಳುತ್ತ ಕುಳಿತಿದ್ದೆ. ಕೇಳುತ್ತಿದ್ದೆ ಎನ್ನುವುದಕ್ಕಿಂತ ಸಹಿಸುತ್ತಿದ್ದೆ ಎಂದರೆ ನಿಜಕ್ಕೆ ಹತ್ತಿರವಾದೀತು. ಕತ್ತಲಲ್ಲಿ ಯಾರೋ ಬೀಗದ ಕೈ ತಡಕಾಡುತ್ತಿರುವಂತೆ ಒಂದೊಂದೇ ಸ್ವರ. ನಡುವೆ ದೀರ್ಘವಾದ ಮೌನ. ಆ ಮೌನ ಇನ್ನೇನು ಹದಕ್ಕೆ ಬಂತು ಎನ್ನುವಷ್ಟರಲ್ಲಿ ದಡದಡನೆ ಏನೋ ಉರುಳಿದ ಸದ್ದು. ಒಳಗಿನಿಂದ ನನ್ನ ಹೆಂಡತಿ, “ಏನ್ರೀ, ಅಟ್ಟದ ಮೇಲಿನ ಪಾತ್ರೆ ಬಿತ್ತೇ?” ಎಂದು ಕೂಗಿ ಕೇಳಿದಳು. “ಇಲ್ಲ, ಹಾಲೆಂಡಿನವರಿಬ್ಬರು ಸಂಗೀತ ನುಡಿಸುತ್ತಿದ್ದಾರೆ” ಎಂದೆ. ಅವಳು ಮರುಮಾತಾಡಲಿಲ್ಲ. ಈ ಮೌನಕ್ಕೆ ಅರ್ಥವೇನೆಂಬುದು ಗೃಹಸ್ಥರಾದ ಓದುಗರಿಗೆ ಗೊತ್ತು.

ಪಿಯಾನೊ ನುಡಿಸುತ್ತಿದ್ದವನು ಮಿಶಾ ಮೆಂಗೆಲ್‌ಬರ್ಗ್; ಪಾತ್ರೆ ಬೀಳಿಸುತ್ತಿದ್ದವನು ಹಾನ್ ಬೆನ್ನಿಂಕ್. ಸಂಗೀತಪ್ರಿಯರಾದ ಸ್ನೇಹಿತರೊಬ್ಬರು “ಮೂರು ಸಲ ಕೇಳಿ, ಆಮೇಲೆ ಬೈಯಿರಿ” ಎಂಬ ಕರಾರಿನ ಮೇಲೆ ಇವರ ಧ್ವನಿಮುದ್ರಿಕೆಗಳನ್ನು ನನಗೆ ಕೊಟ್ಟಿದ್ದರು. ಕನ್ನಡದ ಮೇಷ್ಟರಾದ ನನಗೆ ಜಾಝ್ ಸಂಗೀತದ ಶಾಸ್ತ್ರ ತಿಳಿಯದು. ಆದರೂ ಮೂರು ಸಲವೆಂದು ಆರಂಭಿಸಿದ್ದು ಎರಡು ವರ್ಷ ನಡೆಯಿತು. ಮೊದಲಲ್ಲಿ ಚೇಷ್ಟೆಯೆಂದು ತೋರಿದ್ದು ಚೇಷ್ಟೆಯಷ್ಟೇ ಅಲ್ಲವೆಂಬ ಅನುಮಾನ ಹುಟ್ಟಿ, ಅದು ಬೆಳೆದು, ಈಗ ಈ ಲೇಖನಕ್ಕೆ ಕಾರಣವಾಗಿದೆ.

ಇಬ್ಬರು ವಾದ್ಯಗಾರರು ಒಟ್ಟಿಗೆ ಕುಳಿತರೆ ನಾವು ನಿರೀಕ್ಷಿಸುವುದು ಸಂವಾದವನ್ನು. ಜುಗಲಬಂದಿಯಲ್ಲಿ ಒಬ್ಬನು ಎಸೆದ ಸ್ವರಗುಚ್ಛವನ್ನು ಇನ್ನೊಬ್ಬನು ಹಿಡಿದು, ಅದಕ್ಕೊಂದು ಎಳೆ ಸೇರಿಸಿ ಹಿಂದಿರುಗಿಸಬೇಕು, ಸಭೆ ತಲೆದೂಗಬೇಕು. ಮಿಶಾ-ಹಾನರಲ್ಲಿ ಅದಿಲ್ಲ. ಒಬ್ಬನು ಕೇಳಿದ ಪ್ರಶ್ನೆಗೆ ಇನ್ನೊಬ್ಬನು ಉತ್ತರ ಕೊಡುವುದಿಲ್ಲ; ಬೇರೆಯದೇ ಪ್ರಶ್ನೆ ಕೇಳುತ್ತಾನೆ. ಮೊದಲು ನನಗೆ ಇದು ಅವಿವೇಕವಾಗಿ ಕಂಡಿತು. ಆಮೇಲೊಂದು ದಿನ ನಮ್ಮ ಅವಧಾನದ ಸಭೆ ನೆನಪಿಗೆ ಬಂತು. ಅವಧಾನಿ ಕಣ್ಣು ಮುಚ್ಚಿ ನಿಷೇಧಾಕ್ಷರಿಯ ಮುಂದಿನ ಅಕ್ಷರಕ್ಕೆ ಹುಡುಕುತ್ತಿರುತ್ತಾನೆ. ಅಷ್ಟರಲ್ಲಿ ಪಕ್ಕದಿಂದೊಬ್ಬನು, “ಸ್ವಾಮಿ, ನಿಮ್ಮೂರಿನಲ್ಲಿ ಬದನೆಕಾಯಿ ಏನು ಬೆಲೆ?” ಎನ್ನುತ್ತಾನೆ. ಇವನೇ ಅಪ್ರಸ್ತುತ ಪ್ರಸಂಗಿ. ಇವನು ಕೆಡಿಸಲು ಬಂದವನಲ್ಲ. ಇವನಿಲ್ಲದೆ ಅವಧಾನವೇ ಇಲ್ಲ. ಪದ್ಯ ಹುಟ್ಟುವುದು ನೆಮ್ಮದಿಯಲ್ಲಲ್ಲ, ಅಡಚಣೆಯ ನಡುವೆ ಎಂಬುದನ್ನು ಸಭೆಗೆ ತೋರಿಸಿಕೊಡುವವನು ಅವನೇ. ಈಗ ವೇದಿಕೆಯ ಮೇಲೆ ಇಬ್ಬರೇ ಇದ್ದು, ಇಬ್ಬರೂ ಅವಧಾನಿಗಳಾಗಿ, ಇಬ್ಬರೂ ಪರಸ್ಪರರಿಗೆ ಅಪ್ರಸ್ತುತ ಪ್ರಸಂಗಿಗಳಾದರೆ ಹೇಗಿದ್ದೀತೆಂದು ಊಹಿಸಿಕೊಳ್ಳಿ. ಹೀಗೆ ಇವರು ಹೆಚ್ಚುಕಡಮೆ ಅರ್ಧ ಶತಮಾನ ಬಾಳಿದರು.

ಮಿಶಾ ಹುಟ್ಟಿದ್ದು 1935ರಲ್ಲಿ, ಕೀವ್ ನಗರದಲ್ಲಿ. ತಂದೆ ಕಾರೆಲ್ ಮೆಂಗೆಲ್‌ಬರ್ಗ್ ಸಂಗೀತ ರಚನಕಾರ ಮತ್ತು ವಾದ್ಯವೃಂದದ ನಿರ್ದೇಶಕ. ಮನೆತನದ ಹಿರಿಯ ವಿಲೆಮ್ ಮೆಂಗೆಲ್‌ಬರ್ಗ್ ಆಮ್‌ಸ್ಟರ್‌ಡಾಮಿನ ಕಾನ್ಸರ್ಟ್‌ಗೆಬಾವ್ ವಾದ್ಯವೃಂದವನ್ನು 1895ರಿಂದ 1945ರವರೆಗೆ ಆಳಿದವನು. ಆಳಿದ ಎಂಬ ಮಾತು ಇಲ್ಲಿ ಅಲಂಕಾರವಲ್ಲ. ಮಿಶಾ ಹೇಗ್ ನಗರದ ರಾಜ ಸಂಗೀತಶಾಲೆಯಲ್ಲಿ ಕೇಸ್ ವಾನ್ ಬಾರೆನ್ ಎಂಬ ಗುರುವಿನ ಬಳಿ ಕ್ರಮವಾಗಿ ಕಲಿತ. ಹಾನ್ 1942ರಲ್ಲಿ ಜಾಂಡಾಮಿನಲ್ಲಿ ಹುಟ್ಟಿದವನು. ತಂದೆಯೇ ತಾಳವಾದ್ಯಗಾರ. ಮಗ ಓದಿದ್ದು ಮಾತ್ರ ಚಿತ್ರಕಲೆಯನ್ನು. ಒಬ್ಬನು ಶಾಸ್ತ್ರವನ್ನು ಅರೆದು ಕುಡಿದು ಅದರಿಂದ ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದವನು. ಇನ್ನೊಬ್ಬನು ಕಣ್ಣಿಗೆ ಕಂಡ ವಸ್ತುವನ್ನೆಲ್ಲ ಬಡಿದು ಅದರ ದನಿಯೇನೆಂದು ನೋಡುವ ಸ್ವಭಾವದವನು. 1960ರ ದಶಕದ ಮೊದಲ ವರ್ಷಗಳಲ್ಲಿ ಇವರ ಜೋಡಿ ಕೂಡಿತು.

ಇವರನ್ನು ಲೋಕ ಮೊದಲು ಕೇಳಿದ್ದು ಮತ್ತೊಬ್ಬನ ನೆರಳಿನಲ್ಲಿ. 1964ರ ಜೂನ್ 2ರಂದು ಅಮೆರಿಕದ ಮಹಾವಾದಕ ಎರಿಕ್ ಡಾಲ್ಫಿ ಹಿಲ್ವರ್ಸಮ್ ಊರಿನ ಸ್ಟುಡಿಯೊ ಒಂದರಲ್ಲಿ ನುಡಿಸಿದ. ಮಿಶಾ ಪಿಯಾನೊದಲ್ಲಿ, ಹಾನ್ ಡ್ರಮ್‌ಗಳಲ್ಲಿ, ಯಾಕ್ ಸ್ಕೋಲ್ಸ್ ಬಾಸ್‌ನಲ್ಲಿ. ಆ ತಿಂಗಳು ಮುಗಿಯುವುದರೊಳಗೆ, 29ರಂದು, ಡಾಲ್ಫಿ ಬರ್ಲಿನ್ನಿನಲ್ಲಿ ತೀರಿಕೊಂಡ, ವಯಸ್ಸು ಮೂವತ್ತಾರು. ‘ಕೊನೆಯ ಭೇಟಿ’ ಎಂಬರ್ಥದ ಹೆಸರಿನಿಂದ ಹೊರಬಂದ ಆ ತಟ್ಟೆ ನಿಜಕ್ಕೂ ಅವನ ಕೊನೆಯ ಮುದ್ರಣವಲ್ಲ. ಅದಾದ ಮೇಲೆ ಪ್ಯಾರಿಸ್ಸಿನಲ್ಲಿ ಇನ್ನೊಮ್ಮೆ ನುಡಿಸಿದ್ದ. ಆದರೆ ಸಾವಿನ ಸಮೀಪದಲ್ಲಿದ್ದುದಕ್ಕೆ ಆ ಹೆಸರು ನಿಂತುಬಿಟ್ಟಿತು. ತಟ್ಟೆಯ ಕೊನೆಯಲ್ಲಿ ಡಾಲ್ಫಿಯ ಮಾತಿನ ತುಣುಕೊಂದಿದೆ. ಸಂಗೀತ ಮುಗಿದೊಡನೆ ಗಾಳಿಯಲ್ಲಿ ಹೊರಟುಹೋಗುತ್ತದೆ, ಮತ್ತೆ ಹಿಡಿಯಲಾಗದು ಎಂಬುದು ಅದರ ಭಾವ. ಹಿಡಿಯಲಾಗದೆಂಬ ಮಾತನ್ನೇ ಹಿಡಿದು ತಟ್ಟೆಯಲ್ಲಿ ಅಚ್ಚೊತ್ತಿದ್ದಾರಲ್ಲ ಎಂದು ನನಗೆ ಪ್ರತಿ ಸಲವೂ ನಗೆಯೂ ಸಂಕಟವೂ ಒಟ್ಟಿಗೇ ಆಗುತ್ತದೆ.

ಈ ತಟ್ಟೆಯಲ್ಲಿ ಇಬ್ಬರೂ ಇನ್ನೂ ವಿಧೇಯರು. ತಾಳ ತಪ್ಪುವುದಿಲ್ಲ, ಅತಿಥಿಗೆ ಅಡ್ಡ ಬರುವುದಿಲ್ಲ. ಬಾರದವರು ಹೀಗೆ ಗದ್ದಲವೆಬ್ಬಿಸಿ ತಪ್ಪು ಮುಚ್ಚಿಕೊಳ್ಳುತ್ತಾರೆ ಎಂದು ಮೊದಲು ನಾನೂ ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಈ ತಟ್ಟೆ ಕೇಳಿದ ಮೇಲೆ ಆ ಮಾತನ್ನು ವಾಪಸು ತೆಗೆದುಕೊಂಡೆ. ಹಾನ್ 1967ರಲ್ಲಿ ಸಾನಿ ರಾಲಿನ್ಸ್‌ನಂಥ ಘನ ವಿದ್ವಾಂಸನಿಗೆ ಹಾಲೆಂಡಿನಲ್ಲಿ ಜೊತೆಗೂಡಿದವನು. ಆ ಮುದ್ರಣಗಳು 2020ರಲ್ಲಿ ಬೆಳಕು ಕಂಡವು. ಲಯ ಅಲ್ಲಿ ಬಂಡೆಯ ಹಾಗೆ ನಿಂತಿದೆ. ಹಳೆಗನ್ನಡ ಬಲ್ಲವನು ಛಂದಸ್ಸನ್ನು ಮುರಿಯುವುದಕ್ಕೂ ಗಣ ಎಣಿಸಲು ಬಾರದವನು ಮುರಿಯುವುದಕ್ಕೂ ಎಷ್ಟು ಅಂತರವೆಂದು ನಮ್ಮ ನವ್ಯರ ಕಾಲದಲ್ಲಿ ಬೇಕಾದಷ್ಟು ವಾದ ನಡೆದಿದೆ. ಅದನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ.

1967ರಲ್ಲಿ ಇವರಿಬ್ಬರೂ ವಿಲೆಮ್ ಬ್ರೂಕರ್ ಎಂಬ ವಾದಕನೂ ಸೇರಿ ‘ಇನ್‌ಸ್ಟಂಟ್ ಕಂಪೋಸರ್ಸ್ ಪೂಲ್’ ಎಂಬ ಕೂಟ ಕಟ್ಟಿದರು. ಆಶುರಚನಕಾರರ ಸಂಘ ಎನ್ನಬಹುದು. ಹೆಸರಿನಲ್ಲಿಯೇ ಒಂದು ಹಟವಿದೆ. ಮನೋಧರ್ಮಕ್ಕೆ ತೋಚಿದ್ದನ್ನು ನುಡಿಸುವವನು ರಚನಕಾರನಿಗಿಂತ ಒಂದು ಮೆಟ್ಟಿಲು ಕೆಳಗೆ ಎಂಬುದು ಪಶ್ಚಿಮದ ಸಂಗೀತಶಾಲೆಗಳಲ್ಲಿ ಬೇರೂರಿದ್ದ ಭಾವನೆ. ಅಲ್ಲ, ಇದೂ ರಚನೆಯೇ, ಆದರೆ ಕಾಗದವಿಲ್ಲ, ಕಾಲಾವಕಾಶವಿಲ್ಲ, ಅಷ್ಟೆ ಎಂದು ಇವರು ಸಾರಿದರು. ಕೂಟಕ್ಕೆ ಅದರದೇ ಮುದ್ರಿಕಾ ಸಂಸ್ಥೆ. ಹೊದಿಕೆಗಳಿಗೆ ಹಾನನದೇ ಚಿತ್ರ. ದೊಡ್ಡ ಕಂಪೆನಿಯ ಹಂಗಿಲ್ಲದೆ ತಮ್ಮ ತಟ್ಟೆಯನ್ನು ತಾವೇ ಹೊರತರುವ ಈ ಉಪಾಯವನ್ನು ಎರಡು ಮೂರು ವರ್ಷಗಳಲ್ಲಿ ಬರ್ಲಿನ್ನಿನವರೂ ಲಂಡನ್ನಿನವರೂ ಕೈಗೊಂಡರು. ಬ್ರೂಕರ್ ಕೆಲವು ವರ್ಷಗಳ ಮೇಲೆ ಕೂಟ ಬಿಟ್ಟು 1974ರಲ್ಲಿ ತನ್ನದೇ ಮೇಳ ಕಟ್ಟಿಕೊಂಡ. ಅವನಿಗೆ ರಂಗಸಜ್ಜಿಕೆ ಬೇಕಿತ್ತು, ಕಥೆ ಬೇಕಿತ್ತು. ಮಿಶಾನಿಗೆ ಕಥೆಯ ಮೇಲೆ ನಂಬಿಕೆಯಿರಲಿಲ್ಲವೆಂದು ತೋರುತ್ತದೆ.

1969ರ ನವೆಂಬರ್ 17ರ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಅಂದು ಕಾನ್ಸರ್ಟ್‌ಗೆಬಾವ್ ಭವನದಲ್ಲಿ ಬರ್ನಾರ್ಡ್ ಹೈಟಿಂಕ್ ನಿರ್ದೇಶನದ ಕಛೇರಿ ಆರಂಭವಾಗುತ್ತಿದ್ದಂತೆ ಯುವಕರ ಗುಂಪೊಂದು ಗಿಲಕಿ, ಪೀಪಿಗಳಿಂದ ಸದ್ದೆಬ್ಬಿಸಿ ಅದನ್ನು ತಡೆಯಿತು. ವಾದ್ಯವೃಂದದ ಧೋರಣೆ ಹಳೆಯದೆಂದೂ ಹೊಸ ಸಂಗೀತಕ್ಕೆ ಅಲ್ಲಿ ಎಡೆಯಿಲ್ಲವೆಂದೂ ಅವರ ಆಕ್ಷೇಪ. ಈ ಚಳವಳಿಗೆ ಅಡಕೊತ್ತಿನವರು ಎಂಬಂಥ ಅರ್ಥದ ಹೆಸರು ಬಂತು. ಚಳವಳಿಯ ಮುಂದಾಳುಗಳಾದ ಐವರು ರಚನಕಾರರಲ್ಲಿ ಲೂಯಿ ಆಂಡ್ರಿಸೆನ್ ಒಬ್ಬ, ಮಿಶಾ ಇನ್ನೊಬ್ಬ. ಮನೆತನದ ಹಿರಿಯ ಐವತ್ತು ವರ್ಷ ಕೋಲು ಹಿಡಿದು ನಿಂತ ಭವನವದು! ಇದನ್ನು ಪ್ರತಿಭಟನೆಯೆಂದು ಬರೆದವರಿದ್ದಾರೆ, ಪುಂಡಾಟವೆಂದು ಬರೆದವರೂ ಇದ್ದಾರೆ. ನನಗೆ ಅಲ್ಲಿ ಕಾಣುವುದು ಅದೇ ಅಪ್ರಸ್ತುತ ಪ್ರಸಂಗ. ಆದರೆ ಒಂದು ವ್ಯತ್ಯಾಸವುಂಟು. ಹೈಟಿಂಕನಿಗೆ ಅದು ಬೇಡವಾಗಿತ್ತು. ಬೇಡವೆನ್ನುವವನ ಮುಂದೆ ಗದ್ದಲ ಮಾಡುವುದು ಸುಲಭ. ಬೇಕೆನ್ನುವವನ ಎದುರು ದಿನವೂ, ಮೂವತ್ತು ನಲವತ್ತು ವರ್ಷ, ಹಳಸದಂತೆ ಅಡ್ಡ ಬರುವುದು ಕಷ್ಟದ ವಿದ್ಯೆ.

ಆ ವಿದ್ಯೆಯ ಒಳ್ಳೆಯ ದಾಖಲೆಗಳು 1970ರ ದಶಕದ ಜೋಡಿ ತಟ್ಟೆಗಳು. 1974ರದಕ್ಕೆ ಜರ್ಮನ್ ಭಾಷೆಯಲ್ಲಿ ‘ಒಂದು ಆಟ ಟೇಬಲ್ ಟೆನಿಸ್’ ಎಂದು ಹೆಸರು. ಹೆಸರು ಸರಿಯಾಗಿದೆ, ಎದುರಾಳಿಗೆ ಎಟುಕದಲ್ಲಿ ಚೆಂಡು ಹಾಕುವುದೇ ಆಟ. ಆದರೆ ಎಟುಕಲೇಬಾರದೆಂದೂ ಇಲ್ಲ, ಆಟ ಮುಂದುವರಿಯಬೇಕಲ್ಲ! ಹಾನ್ ಸಾಮಾನ್ಯವಾಗಿ ಸಿಡಿಲಿನಂತೆ ಆರಂಭಿಸುತ್ತಾನೆ. ಆ ವರ್ಷಗಳಲ್ಲಿ ಅವನು ಕಛೇರಿಗೆ ಹೊರೆಗಟ್ಟಲೆ ವಾದ್ಯಗಳನ್ನು ಹೊತ್ತು ತರುತ್ತಿದ್ದನಂತೆ. ಅವು ಸಾಲದೆ ನೆಲ, ಗೋಡೆ, ಕುರ್ಚಿ ಎಲ್ಲವೂ ವಾದ್ಯವೇ. ಡ್ರಮ್ಮಿನ ಚರ್ಮದ ಮೇಲೆ ಪಾದವೂರಿ, ಒತ್ತಿ ಸಡಿಲಿಸಿ, ಅದರಿಂದ ಏರಿಳಿಯುವ ದನಿ ಹೊರಡಿಸುತ್ತಾನೆ. ಇದಕ್ಕೆಲ್ಲ ಮಿಶಾ ಏನು ಮಾಡುತ್ತಾನೆ? ಬಹಳ ವೇಳೆ, ಏನೂ ಮಾಡುವುದಿಲ್ಲ. ಸಿಗರೇಟು ಹಚ್ಚಿಕೊಂಡು ಕುಳಿತಿರುತ್ತಾನೆ. ಬಿರುಗಾಳಿ ತನ್ನಷ್ಟಕ್ಕೆ ಸುಸ್ತಾಗುವ ಸಮಯಕ್ಕೆ ಸರಿಯಾಗಿ, ಮಕ್ಕಳು ಒಂದು ಬೆರಳಿನಲ್ಲಿ ನುಡಿಸುವಂಥ ಪುಟ್ಟ ಮಟ್ಟೊಂದನ್ನು, ಅದೂ ಒಂದು ಸ್ವರ ತಪ್ಪಿಸಿ, ಇಡುತ್ತಾನೆ. ಅಷ್ಟಕ್ಕೆ ಹಾನ್ ಮಾಡಿದ ಗದ್ದಲವೆಲ್ಲ ಆ ಪುಟ್ಟ ಮಟ್ಟಿನ ಪೀಠಿಕೆಯಂತೆ ಕೇಳಿಸತೊಡಗುತ್ತದೆ. ಇದು ಗೆಲುವೇ ಎಂದರೆ ಗೆಲುವು. ಆದರೆ ಮರುಕ್ಷಣ ಹಾನ್ ಆ ಮಟ್ಟಿನ ಕೆಳಗೆ ಅಚ್ಚುಕಟ್ಟಾದ, ಹಳೆಯ ಕಾಲದ ನೃತ್ಯಶಾಲೆಯ ತಾಳ ಹಾಕಿ, ಮಿಶಾನ ವಕ್ರಗತಿಯನ್ನು ಮರ್ಯಾದಸ್ಥ ಸಂಗೀತವನ್ನಾಗಿ ಮಾಡಿ ಮುಯ್ಯಿ ತೀರಿಸಿಕೊಳ್ಳುತ್ತಾನೆ.

ಮಿಶಾ ಆಮ್‌ಸ್ಟರ್‌ಡಾಮಿನ ಸಂಗೀತಶಾಲೆಯಲ್ಲಿ ಕಲಿಸುತ್ತಿದ್ದ ವಿಷಯ ಕೌಂಟರ್‌ಪಾಯಿಂಟ್. ಎಂದರೆ ಎರಡು ರಾಗದೆಳೆಗಳು ಪರಸ್ಪರ ಅಧೀನವಾಗದೆ, ಒಂದು ಏರಿದಾಗ ಇನ್ನೊಂದು ಇಳಿದು, ಆದರೂ ಒಟ್ಟಿಗೆ ನಡೆಯುವ ವಿದ್ಯೆ. ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದದ್ದನ್ನೇ ಸಂಜೆ ವೇದಿಕೆಯ ಮೇಲೆ ಬದುಕಿ ತೋರಿಸಿದ ಅಧ್ಯಾಪಕನೆಂದು ನನಗೆ ಅವನಲ್ಲಿ ಸ್ವಲ್ಪ ಅಸೂಯೆ. ನನ್ನ ಅಲಂಕಾರಶಾಸ್ತ್ರದ ಟಿಪ್ಪಣಿಗಳಿಗೆ ಈಗ ಹದಿನೆಂಟು ವರ್ಷ, ಅಂಚುಗಳು ಹಳದಿಯಾಗಿವೆ. ಎಲ್ಲಿ ವಿದ್ಯಾರ್ಥಿಗಳು ನಗಬೇಕೆಂಬುದೂ ಅದರಲ್ಲಿ ಪೆನ್ಸಿಲಿನಲ್ಲಿ ಗುರುತಾಗಿದೆ. ಅವರು ನಗುತ್ತಾರೆ ಕೂಡ.

ಹೊಗಳಿಕೆ ಇಷ್ಟು ಸಾಕು. ಈ ತಟ್ಟೆಗಳಲ್ಲಿ ದೊಡ್ಡ ದೋಷಗಳುಂಟು. ಹಾನನ ಕಲೆಯಲ್ಲಿ ಅರ್ಧ ಪಾಲು ಕಣ್ಣಿಗೆ ಸೇರಿದ್ದು. ನೀಳಕಾಯದ ಮನುಷ್ಯ ವೇದಿಕೆಯ ನೆಲದ ಮೇಲೆ ಕುಳಿತು, ಬಾಯಲ್ಲಿ ಕೋಲು ಕಚ್ಚಿ ಬಾರಿಸುವುದನ್ನು ನೋಡಿದವರು ನಗುತ್ತಾರೆ. ತಟ್ಟೆಯಲ್ಲಿ ನಮಗೆ ಕೇಳುವುದು ಅವರ ನಗು ಮಾತ್ರ. ಮದುವೆ ಮನೆಯ ಹೊರಗೆ ನಿಂತು ಒಳಗಿನ ಸಂಭ್ರಮ ಕೇಳಿದಂತೆ ಆಗುತ್ತದೆ. ಇನ್ನೊಂದು, ಬಲದ ಪ್ರಶ್ನೆ. ಡ್ರಮ್ ಎದುರು ಪಿಯಾನೊ ಅಬಲೆ. ಹಾನನಿಗೆ ಹುಮ್ಮಸ್ಸು ಏರಿದಾಗ ಹತ್ತು ನಿಮಿಷಗಟ್ಟಲೆ ಮಿಶಾ ಏನು ನುಡಿಸಿದನೆಂಬುದೇ ತಿಳಿಯದು. ಅಲ್ಲಿ ವಾದವಿಲ್ಲ, ಏಕಪಕ್ಷೀಯ ತೀರ್ಪು ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಪ್ರಸ್ತುತ ಪ್ರಸಂಗಿಗೆ ಜನ ನಕ್ಕರೆ ಆ ನಗೆಯ ರುಚಿ ಹತ್ತುತ್ತದೆ. ಕುರ್ಚಿ ಬೀಳುವುದೆಂದು ಮುಂಚೆಯೇ ತಿಳಿದ ಮೇಲೆ ಅದು ಅಡಚಣೆಯೇ ಅಲ್ಲ, ಪದ್ಧತಿ. ಹಾನ್ ಇದನ್ನು ಕಂಡುಕೊಂಡನೆಂಬುದಕ್ಕೆ ನನ್ನ ಬಳಿ ಇರುವ ಸಾಕ್ಷಿ ಇದು: 1980ರ ದಶಕದಲ್ಲಿ ಆ ಹೊರೆಯನ್ನೆಲ್ಲ ಬಿಟ್ಟು ಸರಳವಾದ ಡ್ರಮ್ ಜೋಡಣೆಗೆ, ಕೆಲವು ವೇಳೆ ಒಂದೇ ಒಂದು ಸ್ನೇರ್ ಡ್ರಮ್ಮಿಗೆ, ಇಳಿದ. ನನಗೆ ಆ ಹಾನನೇ ಹೆಚ್ಚು ಮೆಚ್ಚು.

ಈಗ ಗಿಳಿಯ ವಿಚಾರ. ಇದನ್ನು ಬರೆಯಬೇಕೆಂದೇ ಲೇಖನಿ ಹಿಡಿದೆನೆಂದರೂ ತಪ್ಪಲ್ಲ.

1964ರಲ್ಲಿ ಡಾಲ್ಫಿಯೊಡನೆ ನಡೆಸಿದ ಅಭ್ಯಾಸದ ಒಂದು ಮುದ್ರಣ ಇವರ ಬಳಿ ಉಳಿದಿತ್ತು. 1970ರ ದಶಕದಲ್ಲಿ ಅದನ್ನು ತಮ್ಮ ಕೂಟದಿಂದಲೇ ಹೊರತಂದರು. ಅಕಾಲದಲ್ಲಿ ಮಡಿದ ಮಹಾಕಲಾವಿದನ ದುರ್ಲಭ ದನಿ. ಒಂದು ಮಗ್ಗುಲು ತುಂಬಿತು. ಇನ್ನೊಂದು ಮಗ್ಗುಲಿಗೆ ಏನು? ಮಿಶಾ 1972ರಲ್ಲಿ ತಾನು ಸಾಕಿದ ಏಕೊ ಎಂಬ ಗಿಳಿಯೊಡನೆ ನುಡಿಸಿದ್ದ ಜೋಡಿವಾದನವನ್ನು ಹಾಕಿದ! ಗಿಳಿ ಸಿಳ್ಳೆ ಹಾಕುತ್ತದೆ, ಪಿಯಾನೊ ನುಡಿಯುತ್ತದೆ. ಮೊದಲ ಸಲ ಕೇಳಿದಾಗ ನನಗೆ ನಗೆ ಬರಲಿಲ್ಲ, ಸಿಟ್ಟು ಬಂತು. ಔಚಿತ್ಯವೇ ಕಾವ್ಯದ ಜೀವವೆಂದು ಕ್ಷೇಮೇಂದ್ರನಿಂದ ಕಲಿತು ಕಲಿಸುವವನು ನಾನು. ಶ್ರಾದ್ಧದ ದಿನ ಯಾರೋ ವಿದೂಷಕನನ್ನು ಕರೆದುತಂದಂತೆ ಅನ್ನಿಸಿತು. ಸ್ನೇಹಿತರಿಗೆ ದೂರವಾಣಿಯಲ್ಲಿ ಹೇಳಿಯೂ ಹೇಳಿದೆ. ಅವರು, “ಮೇಷ್ಟ್ರೇ, ಎರಡೂ ಮಗ್ಗುಲು ಒಟ್ಟಿಗೆ ಕೇಳಿ” ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ಒಟ್ಟಿಗೆ ಕೇಳಿದೆ. ಕನ್ನಡದಲ್ಲಿ ಗಿಳಿಪಾಠ ಎಂಬ ಮಾತಿದೆ. ಅದನ್ನು ನಾವು ವಿದ್ಯಾರ್ಥಿಗಳ ಮೇಲೆ ಧಾರಾಳವಾಗಿ ಎಸೆಯುತ್ತೇವೆ. ಯುರೋಪಿನಲ್ಲಿ ಜಾಝ್ ನುಡಿಸುವವರನ್ನು ಕಾಡುತ್ತಿದ್ದ ಭೂತ ಇದೇ ಅಲ್ಲವೇ? ಅಮೆರಿಕದ ಕರಿಯ ಜನರ ಬಾಳಿನಿಂದ ಹುಟ್ಟಿದ ಸಂಗೀತವನ್ನು ತಟ್ಟೆಗಳಿಂದ ಕಲಿತು ಒಪ್ಪಿಸುವ ಗಿಳಿಗಳು ನಾವು ಎಂಬ ಅಳುಕು. ಡಾಲ್ಫಿಯಂಥವನ ಪಕ್ಕದಲ್ಲಿ ಕುಳಿತು ನುಡಿಸಿದ ಇಪ್ಪತ್ತೆಂಟರ ತರುಣನಿಗೆ ಆ ಅಳುಕು ಬಾರದಿರಲು ಸಾಧ್ಯವೇ? ಡಾಲ್ಫಿ ಸತ್ತ ಮೇಲೆ ಅವನನ್ನು ಅನುಕರಿಸಿ ನುಡಿಸಿದವರು ಅನೇಕರು. ಅದು ಗೌರವವೆಂದೇ ಎಣಿಕೆ. ಮಿಶಾ ಹಾಗೆ ಮಾಡದೆ, ಒಂದು ಮಗ್ಗುಲಲ್ಲಿ ಗುರುವಿನಂಥ ಗೆಳೆಯನನ್ನಿಟ್ಟು, ಮಗುಚಿ ನೋಡಿದರೆ ಸಾಕ್ಷಾತ್ ಗಿಳಿಯನ್ನೇ ಕೂರಿಸಿದ. ತಮಾಷೆಯೆಂದರೆ ಆ ಗಿಳಿ ಗಿಳಿಪಾಠ ಒಪ್ಪಿಸುವುದಿಲ್ಲ. ಪಿಯಾನೊ ಹೇಳಿದ್ದನ್ನು ಅದು ಕಿವಿಗೇ ಹಾಕಿಕೊಳ್ಳದೆ ತನಗೆ ಬೇಕಾದಾಗ ಬೇಕಾದಂತೆ ಸಿಳ್ಳೆ ಹಾಕುತ್ತದೆ, ಬೇಡವಾದಾಗ ಸುಮ್ಮನಾಗುತ್ತದೆ. ಮಿಶಾ ಅದರ ಹಿಂದೆ ಹಿಂದೆ ಹೋಗುತ್ತಾನೆ. ಯಾರು ಯಾರಿಗೆ ಗಿಳಿ? ಮಿಶಾ ಇಷ್ಟೆಲ್ಲ ಎಣಿಸಿ ಮಾಡಿದನೇ, ಇಲ್ಲ ಕೈಗೆ ಸಿಕ್ಕಿದ್ದನ್ನು ಸೇರಿಸಿದನೇ, ಅದು ಬೇರೆ ಮಾತು. ಕೃತಿಯಲ್ಲಿ ಕಾಣುವುದನ್ನು ಹೇಳುವ ಹಕ್ಕು ವಿಮರ್ಶಕನಿಗುಂಟು. ನನ್ನ ಸಿಟ್ಟು ಪೂರ್ತಿ ಇಳಿದಿದೆ ಎನ್ನಲಾರೆ. ಈಗಲೂ ಡಾಲ್ಫಿಯ ಬದಿ ಮುಗಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಗಿಳಿಯ ಬದಿ ಹಾಕುತ್ತೇನೆ. ಆದರೆ ಅದು ಅಗೌರವವೆಂದು ಈಗ ಹೇಳುವುದಿಲ್ಲ. ಸತ್ತವನ ಸ್ವರವನ್ನು ಕದಿಯದೆ ಅವನಿಗೆ ಜೋಡಿಯಾಗುವ ಬಗೆ ಇದಕ್ಕಿಂತ ಪ್ರಾಮಾಣಿಕವಾಗಿ ಇದ್ದೀತೇ ಎಂದು ಯೋಚಿಸುತ್ತೇನೆ.

ಮುಂದಿನ ದಶಕಗಳಲ್ಲಿ ಕೂಟ ಬೆಳೆದು ಹತ್ತು ಜನರ ವಾದ್ಯವೃಂದವಾಯಿತು. ಥೆಲೋನಿಯಸ್ ಮಂಕ್ ಮತ್ತು ಲೋಕ ಮರೆತಿದ್ದ ಹರ್ಬಿ ನಿಕಲ್ಸ್ ಎಂಬ ಅಮೆರಿಕದ ರಚನಕಾರರ ಕೃತಿಗಳನ್ನು ಮಿಶಾ ತನ್ನ ರೀತಿಯಲ್ಲಿ ಎತ್ತಿಕೊಂಡು, ನಿಕಲ್ಸ್‌ನಿಗೆ ಮರುಜೀವ ಕೊಟ್ಟ. ಆಮ್‌ಸ್ಟರ್‌ಡಾಮಿನಲ್ಲಿ ಇಂಥ ಸಂಗೀತಕ್ಕೆಂದೇ 1974ರಲ್ಲಿ ತೆರೆದ ಬಿಮ್‌ಹೌಸ್ ಎಂಬ ಸಭಾಂಗಣ ನೆಲೆಯಾಗಿ ಒದಗಿತು. ಒಂದು ಕಾಲದಲ್ಲಿ ಭವನಗಳಿಗೆ ನುಗ್ಗಿದವರಿಗೆ ತಮ್ಮದೇ ಭವನವಾಯಿತು. ಇದರ ವ್ಯಂಗ್ಯ ಅವರಿಗೆ ಹೊಳೆಯದೆ ಇರಲಿಲ್ಲ ಎಂದುಕೊಳ್ಳೋಣ. 2012ರಲ್ಲಿ ಕೂಟದ ಸಮಗ್ರ ಮುದ್ರಿಕೆಗಳು, ಐವತ್ತಕ್ಕೂ ಮೀರಿದ ತಟ್ಟೆಗಳು, ಒಂದೇ ಪೆಟ್ಟಿಗೆಯಲ್ಲಿ ಬಂದವು. ಗಾಳಿಯಲ್ಲಿ ಹೋಗುವುದೇ ಧರ್ಮವೆಂದ ಸಂಗೀತ ಪೆಟ್ಟಿಗೆ ಸೇರಿತು.

ಆ ಹೊತ್ತಿಗೆ ಮಿಶಾನಿಗೆ ಮರೆವಿನ ರೋಗ ಹತ್ತಿತ್ತು. ಅವಧಾನದಲ್ಲಿ ಕೊನೆಯ ಘಟ್ಟ ಧಾರಣ: ಅಷ್ಟು ಹೊತ್ತು ಬಿಡಿಬಿಡಿಯಾಗಿ ಕಟ್ಟಿದ ಪದ್ಯಗಳನ್ನೆಲ್ಲ ಅವಧಾನಿ ನೆನಪಿನಿಂದ ಒಪ್ಪಿಸಬೇಕು. ಅಲ್ಲಿಯವರೆಗಿನ ಗೆಲುವೆಲ್ಲ ಅಲ್ಲಿ ಪರೀಕ್ಷೆಗೆ ಬೀಳುತ್ತದೆ. ನಿನ್ನೆ ನುಡಿಸಿದ್ದನ್ನು ಇಂದು ನೆನೆಯಬಾರದೆಂಬ ವ್ರತ ಹಿಡಿದಂತೆ ನುಡಿಸಿದ ಮನುಷ್ಯನಿಗೆ ಕೊನೆಗೆ ನೆನೆಯಲು ಆಗದೆಯೇ ಹೋಯಿತು. ಇದನ್ನು ವಿಧಿಯ ಚಮತ್ಕಾರವೆಂದು ಬರೆದುಬಿಡಲು ಕೈ ಬರುತ್ತದೆ. ಆದರೆ ಕಾಯಿಲೆ ರೂಪಕವಲ್ಲ. 2010ರ ದಶಕದ ಮೊದಲ ಭಾಗದಲ್ಲಿ ಅವನು ವೇದಿಕೆಯಿಂದ ಹಿಂದೆ ಸರಿದ. 2017ರ ಮಾರ್ಚ್ 3ರಂದು ಆಮ್‌ಸ್ಟರ್‌ಡಾಮಿನಲ್ಲಿ ತೀರಿಕೊಂಡ. ಹಾನ್ ಆಮೇಲೂ ಕೂಟದೊಡನೆ ನುಡಿಸಿದ. ಅಡ್ಡ ಬರಲು ಬೇರೆಯವರಿದ್ದರು. ಆದರೆ ತನ್ನ ಗದ್ದಲದ ನಡುವೆ ಸಿಗರೇಟು ಸೇದುತ್ತ ಸುಮ್ಮನೆ ಕುಳಿತು ತನ್ನನ್ನು ಸೋಲಿಸುವವನು ಇರಲಿಲ್ಲ.

ಎರಡು ವರ್ಷದಲ್ಲಿ ಆ ಜೋಡಿ ತಟ್ಟೆಗಳು ನನಗೆ ಬಾಯಿಪಾಠವಾಗಿಬಿಟ್ಟವು. ಎಲ್ಲಿ ದಡದಡ ಎನ್ನುತ್ತದೆ, ಎಲ್ಲಿ ಮಿಶಾ ಸ್ವರ ತಪ್ಪಿಸುತ್ತಾನೆ, ಎಲ್ಲ ಗೊತ್ತು. ಬೆರಳು ಮುಂಚೆಯೇ ಮೇಜಿನ ಮೇಲೆ ತಾಳ ಹಾಕುತ್ತದೆ. ಇದು ಅವರಿಗೆ ಮಾಡುವ ಅಪಚಾರವೆಂದು ಆರು ತಿಂಗಳು ಕೇಳುವುದನ್ನೇ ಬಿಟ್ಟಿದ್ದೆ. ಈ ಲೇಖನಕ್ಕೆಂದು ಮೊನ್ನೆ ಮತ್ತೆ ಹಾಕಿದೆ. ಅರ್ಧಕ್ಕರ್ಧ ಮರೆತುಹೋಗಿತ್ತು. ಹಾನ್ ಏನನ್ನೋ ಬಡಿದಾಗ ಬೆಚ್ಚಿಬಿದ್ದು ಕಾಫಿ ಲೋಟ ಟಿಪ್ಪಣಿಗಳ ಮೇಲೆ ಚೆಲ್ಲಿಕೊಂಡೆ. ಅಲಂಕಾರಶಾಸ್ತ್ರದ ಮೊದಲ ನಾಲ್ಕು ಪುಟ ಓದಲು ಬರುವಂತಿಲ್ಲ. ಸೋಮವಾರ ಎರಡನೆಯ ತರಗತಿ ಅದೇ ಪಾಠ.